ರೋಮನ್ನರು ಹೋದ ಮೇಲೆ ಬ್ರಿಟನ್ನಿನಲ್ಲಿ ನಡೆದದ್ದೇನು? ಆಂಗ್ಲೋ-ಸ್ಯಾಕ್ಸನ್ ಸಮಾಜ ಹುಟ್ಟಿದ ಬಗೆ

ಪ್ರಶ್ನೆ: ರೋಮನ್ನರು ಬ್ರಿಟನ್ ಬಿಟ್ಟು ಹೋದರು, ಆಮೇಲೆ ಆಂಗ್ಲರು, ಸ್ಯಾಕ್ಸನ್ನರು ದಂಡೆತ್ತಿ ಬಂದು ಅಲ್ಲಿನವರನ್ನು ಕೊಂದು, ಉಳಿದವರನ್ನು ವೇಲ್ಸ್ ಕಡೆಗೆ ಓಡಿಸಿದರು ಅಂತ ಶಾಲೆಯಲ್ಲಿ ಓದಿದ್ದೆ. ಈಗ ಕೆಲವರು ಅಂಥ ದಾಳಿಯೇ ನಡೆದಿಲ್ಲ, ಬಂದವರು ಬೆರಳೆಣಿಕೆಯ ಯೋಧರು ಮಾತ್ರ ಅನ್ನುತ್ತಾರೆ. ಇನ್ನು ಕೆಲವರು ಡಿಎನ್‌ಎ ತೋರಿಸಿ ಹಳೆಯ ಕಥೆಯೇ ಸರಿ ಅನ್ನುತ್ತಾರೆ. ಯಾವುದನ್ನು ನಂಬಬೇಕು? ಆ ಸಮಾಜ ನಿಜಕ್ಕೂ ಹೇಗೆ ಹುಟ್ಟಿತು?

ಉತ್ತರ: ನೀವು ಕೇಳಿದ ಕಥೆಗಳೆಲ್ಲ ಅರ್ಧರ್ಧ ಸರಿ. ಜನ ಸಮುದ್ರ ದಾಟಿ ಬಂದದ್ದು ನಿಜ, ಅದೂ ದೊಡ್ಡ ಸಂಖ್ಯೆಯಲ್ಲೇ. ಹಳಬರು ಅಲ್ಲೇ ಉಳಿದದ್ದೂ ಅಷ್ಟೇ ನಿಜ. ಆದರೆ ಈ ಕಥೆಗಳನ್ನು ಹೇಳುವವರೆಲ್ಲ ಒಂದು ವಿಷಯವನ್ನು ಕೇಳದೇ ಒಪ್ಪಿಕೊಂಡುಬಿಟ್ಟಿದ್ದಾರೆ. ಆಂಗ್ಲೋ-ಸ್ಯಾಕ್ಸನ್ ಸಮಾಜ ಜರ್ಮನಿಯ ಕರಾವಳಿಯಲ್ಲಿ ಮೊದಲೇ ತಯಾರಾಗಿತ್ತು, ದೋಣಿ ಹತ್ತಿ ಬಂದು ಇಳಿಯಿತು ಎಂದು ಅವರು ಅಂದುಕೊಳ್ಳುತ್ತಾರೆ. ಸಾಕ್ಷ್ಯಗಳನ್ನು ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಆ ಸಮಾಜ ಬ್ರಿಟನ್ನಿನ ನೆಲದ ಮೇಲೇ, ಸುಮಾರು 200 ವರ್ಷಗಳಲ್ಲಿ, ರೋಮನ್ ತೆರಿಗೆ ಮತ್ತು ಸಂಬಳದ ವ್ಯವಸ್ಥೆ ಕುಸಿದು ಬಿದ್ದ ಜಾಗದಲ್ಲಿ ಬೆಳೆಯಿತು. ಹಾಗಾಗಿ ಸ್ಯಾಕ್ಸನ್ನರಿಗಿಂತ ಮೊದಲು ರೋಮನ್ನರ ದುಡ್ಡಿನ ಲೆಕ್ಕ ನೋಡಬೇಕು.

ಕ್ರಿ.ಶ. 43ರಲ್ಲಿ ಚಕ್ರವರ್ತಿ ಕ್ಲಾಡಿಯಸ್‌ನ ಸೈನ್ಯ ಬ್ರಿಟನ್ನಿಗೆ ಕಾಲಿಟ್ಟಿತು. ಅಲ್ಲಿಂದ ಸುಮಾರು 360 ವರ್ಷ ಆ ದ್ವೀಪದ ದೊಡ್ಡ ಭಾಗ ರೋಮನ್ ಪ್ರಾಂತ್ಯವಾಗಿತ್ತು. 2ನೇ ಶತಮಾನದಲ್ಲಿ ಅಲ್ಲಿ ಸುಮಾರು 50 ಸಾವಿರ ಸೈನಿಕರಿದ್ದರು ಎಂಬ ಅಂದಾಜಿದೆ. ಆಮೇಲೆ ಆ ಸಂಖ್ಯೆ ಇಳಿಯಿತು. ಆದರೂ ಇಷ್ಟು ಸೈನ್ಯವನ್ನು ಸಾಕುವುದು ಸಣ್ಣ ಮಾತಲ್ಲ. ರೈತನಿಂದ ತೆರಿಗೆ ಎತ್ತಬೇಕು, ಸೈನಿಕನಿಗೆ ಸಂಬಳ ಕೊಡಬೇಕು. ಆ ಸೈನಿಕ ಸಂತೆಗೆ ಬಂದು ಖರ್ಚು ಮಾಡುತ್ತಾನೆ. ರೈತ ಆ ಸಂತೆಯಲ್ಲೇ ಧಾನ್ಯ ಮಾರಿ, ನಾಣ್ಯ ಪಡೆದು, ಮತ್ತೆ ತೆರಿಗೆ ಕಟ್ಟುತ್ತಾನೆ. ಪಟ್ಟಣ, ರಸ್ತೆ, ಹೆಂಚಿನ ಮನೆ, ಚಕ್ರದಲ್ಲಿ ತಿರುಗಿಸಿ ಮಾಡಿದ ಮಡಕೆ ಎಲ್ಲವೂ ಈ ಸುತ್ತಾಟವನ್ನು ನಂಬಿಕೊಂಡೇ ನಿಂತಿದ್ದವು.

ಈ ಸುತ್ತು ತುಂಡಾದದ್ದು ಒಂದೇ ದಿನದಲ್ಲಿ ಅಲ್ಲ, ಆದರೆ ಬಹಳ ಬೇಗ. ಸಂಬಳದ ನಾಣ್ಯಗಳು ಯೂರೋಪಿನ ಮುಖ್ಯ ಭೂಭಾಗದ ಟಂಕಸಾಲೆಗಳಿಂದ ಬರಬೇಕಿತ್ತು. 402ರ ಸುಮಾರಿಗೆ ಆ ಪೂರೈಕೆ ಹೆಚ್ಚುಕಡಿಮೆ ನಿಂತುಹೋಯಿತು. 406ರ ಕೊನೆಯಲ್ಲಿ ವಾಂಡಲರು, ಅಲನರು, ಸುಯೇವಿಗಳು ಎಂಬ ಹೊರಗಿನ ಜನ ರೈನ್ ನದಿ ದಾಟಿ ಗಾಲ್ ಪ್ರಾಂತ್ಯಕ್ಕೆ, ಅಂದರೆ ಇಂದಿನ ಫ್ರಾನ್ಸ್ ಕಡೆಗೆ, ನುಗ್ಗಿದರು. 407ರಲ್ಲಿ ಬ್ರಿಟನ್ನಿನ ಸೈನ್ಯ ತನ್ನದೇ ಒಬ್ಬನನ್ನು ಮೂರನೇ ಕಾನ್‌ಸ್ಟಂಟೈನ್ ಎಂಬ ಹೆಸರಲ್ಲಿ ಚಕ್ರವರ್ತಿ ಅಂತ ಘೋಷಿಸಿತು. ಅವನು ಇದ್ದ ಸೈನ್ಯವನ್ನೂ ಕರೆದುಕೊಂಡು ಗಾಲ್‌ಗೆ ಹೋದ, 411ರಲ್ಲಿ ತಲೆ ಕಳೆದುಕೊಂಡ. ಆ ಸೈನ್ಯ ಬ್ರಿಟನ್ನಿಗೆ ವಾಪಸ್ ಬರಲಿಲ್ಲ. 409ರ ಸುಮಾರಿಗೆ ಬ್ರಿಟನ್ನರು ರೋಮನ್ ಅಧಿಕಾರಿಗಳನ್ನು ತಾವೇ ಹೊರಹಾಕಿದರು ಎಂದು ಜೋಸಿಮಸ್ ಎಂಬ ಗ್ರೀಕ್ ಇತಿಹಾಸಕಾರ ಬರೆದಿದ್ದಾನೆ. 410ರಲ್ಲಿ ಚಕ್ರವರ್ತಿ ಹೊನೋರಿಯಸ್ ಬ್ರಿಟನ್ನಿನ ಪಟ್ಟಣಗಳಿಗೆ 'ನಿಮ್ಮ ರಕ್ಷಣೆ ನೀವೇ ನೋಡಿಕೊಳ್ಳಿ' ಎಂದು ಪತ್ರ ಬರೆದನೆಂಬ ಪ್ರಸಿದ್ಧ ಮಾತೂ ಜೋಸಿಮಸ್‌ನಿಂದಲೇ ಬಂದದ್ದು. ಆ ಪತ್ರ ಹೋದದ್ದು ಇಟಲಿಯ ಬ್ರುಟಿಯಂ ಪ್ರದೇಶಕ್ಕಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ಅದು ಯಾರ ಕೈಗೆ ಸೇರಿದ್ದರೂ ಬ್ರಿಟನ್ನಿನ ಪರಿಸ್ಥಿತಿ ಬದಲಾಗುತ್ತಿರಲಿಲ್ಲ. ಸಂಬಳ ನಿಂತು ಆಗಲೇ ಕೆಲವು ವರ್ಷಗಳಾಗಿದ್ದವು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತೆಗೆದುಹಾಕಬೇಕು. 'ರೋಮನ್ನರು ಹೋದರು' ಅಂದರೆ ಗಂಟುಮೂಟೆ ಕಟ್ಟಿಕೊಂಡು ಒಂದು ಜನಾಂಗವೇ ಹಡಗು ಹತ್ತಿತು ಅಂತ ನಾವು ಚಿತ್ರಿಸಿಕೊಳ್ಳುತ್ತೇವೆ. 212ರಲ್ಲೇ ಚಕ್ರವರ್ತಿ ಕ್ಯಾರಕಲ್ಲ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಪ್ರಜೆಗಳಿಗೂ ರೋಮನ್ ಪೌರತ್ವ ಕೊಟ್ಟಿದ್ದ. 410ರಲ್ಲಿ ಬ್ರಿಟನ್ನಿನಲ್ಲಿ ಉಳುತ್ತಿದ್ದ ರೈತನೂ ಕಾನೂನಿನ ಪ್ರಕಾರ ರೋಮನ್ನನೇ. ಹೋದದ್ದು ಸೈನ್ಯ, ಅಧಿಕಾರಿಗಳು, ದುಡ್ಡು. ಸುಮಾರು 20ರಿಂದ 40 ಲಕ್ಷ ಜನ ಇದ್ದಲ್ಲೇ ಇದ್ದರು.

ಅವರ ಕೈಯಲ್ಲಿ ಉಳಿದದ್ದೇನು ಎಂದು ತಿಳಿಯಲು ಸಫೋಕ್ ಪ್ರಾಂತ್ಯದ ಹಾಕ್ಸನ್ ಎಂಬ ಹಳ್ಳಿಗೆ ಬನ್ನಿ. 1992ರಲ್ಲಿ ಒಬ್ಬರು ಹೊಲದಲ್ಲಿ ಕಳೆದುಹೋದ ಸುತ್ತಿಗೆಯನ್ನು ಲೋಹಶೋಧಕ ಹಿಡಿದು ಹುಡುಕುತ್ತಿದ್ದರು. ಸಿಕ್ಕಿದ್ದು ಮರದ ಪೆಟ್ಟಿಗೆಯೊಂದರಲ್ಲಿ ಹೂತಿಟ್ಟಿದ್ದ ಸುಮಾರು 15 ಸಾವಿರ ನಾಣ್ಯಗಳು, ಬಂಗಾರದ ಒಡವೆ, ಬೆಳ್ಳಿಯ ಚಮಚಗಳು. ಹೂತದ್ದು 407ರ ನಂತರ. ಅಲ್ಲಿ ನಾಲ್ಕು ಬೆಳ್ಳಿಯ ಮೆಣಸಿನ ಡಬ್ಬಿಗಳೂ ಇದ್ದವು. ಒಂದು ಡಬ್ಬಿ ಶ್ರೀಮಂತ ಹೆಂಗಸಿನ ಅರ್ಧಪ್ರತಿಮೆಯ ಆಕಾರದಲ್ಲಿದೆ. ತಳದಲ್ಲಿ ತಿರುಗಿಸುವ ಬಿಲ್ಲೆ, ಅದರಲ್ಲಿ ತೂತುಗಳು. ಅದರೊಳಗೆ ಹಾಕುತ್ತಿದ್ದ ಕಾಳುಮೆಣಸು ನಮ್ಮ ಪಶ್ಚಿಮ ಕರಾವಳಿಯಿಂದ ಕೆಂಪು ಸಮುದ್ರ ದಾಟಿ ಈಜಿಪ್ಟ್ ಮೂಲಕ ಹೋಗುತ್ತಿತ್ತು. ಇಂಗ್ಲೆಂಡಿನ ಒಂದು ಹಳ್ಳಿಯ ಶ್ರೀಮಂತರ ಊಟದ ಮೇಜು ಇಷ್ಟು ದೂರಕ್ಕೆ ಜೋಡಿಕೊಂಡಿತ್ತು.

ಆದರೆ ನನ್ನ ಕಣ್ಣು ಹೋಗುವುದು ಅಲ್ಲಿನ ಬೆಳ್ಳಿ ನಾಣ್ಯಗಳ ಅಂಚಿಗೆ. ಬಹುಪಾಲು ನಾಣ್ಯಗಳ ಸುತ್ತ ಬೆಳ್ಳಿಯನ್ನು ಕತ್ತರಿಸಿ ತೆಗೆದಿದ್ದಾರೆ. ಚಕ್ರವರ್ತಿಯ ಮುಖಕ್ಕೆ ಮಾತ್ರ ಕತ್ತರಿ ತಾಗಿಸಿಲ್ಲ. ಮುಖ ಇದ್ದರೆ ನಾಣ್ಯ ಚಲಾವಣೆಯಾಗುತ್ತದೆ, ಕತ್ತರಿಸಿದ ಚೂರನ್ನು ಕರಗಿಸಿ ಬೇರೆ ಕೆಲಸಕ್ಕೆ ಬಳಸಬಹುದು. ಹೊಸ ನಾಣ್ಯ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಇದ್ದದ್ದನ್ನೇ ಹಿಗ್ಗಿಸಿಕೊಂಡು ಬಾಳಿದ ಜನರ ಕೆಲಸ ಇದು. ಹೀಗೆ ಅಂಚು ಕತ್ತರಿಸುವುದು ಬ್ರಿಟನ್ನಿನಲ್ಲಿ ನಡೆದಷ್ಟು ಬೇರೆ ಪ್ರಾಂತ್ಯಗಳಲ್ಲಿ ನಡೆಯಲಿಲ್ಲ.

ಆಮೇಲೆ ಅದೂ ನಿಂತಿತು. ಆಕ್ಸ್‌ಫರ್ಡ್‌ಶೈರ್, ನೆನ್ ಕಣಿವೆ, ಡಾರ್ಸೆಟ್‌ಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಮಡಕೆ ಮಾಡಿ ದೂರದೂರಕ್ಕೆ ಮಾರುತ್ತಿದ್ದ ಆವಿಗೆಗಳು 5ನೇ ಶತಮಾನದ ಮೊದಲ ದಶಕಗಳಲ್ಲೇ ಆರಿಹೋದವು. ಕುಂಬಾರನ ಚಕ್ರವೇ ಮಾಯವಾಯಿತು. ಮತ್ತೆ ಜನ ಕೈಯಲ್ಲೇ ಮಣ್ಣು ತಟ್ಟಿ ಮಡಕೆ ಮಾಡತೊಡಗಿದರು. ಕಬ್ಬಿಣದ ಮೊಳೆ ಕೂಡ ಅಪರೂಪವಾಯಿತು. ದೊಡ್ಡ ಕಾರ್ಖಾನೆ ಮುಚ್ಚಿದ ಊರಲ್ಲಿ ಸಂಬಳದವರು ಮಾತ್ರ ಅಲ್ಲ, ಹೋಟೆಲಿನವನು, ದರ್ಜಿ, ಸೈಕಲ್ ಅಂಗಡಿಯವನು ಎಲ್ಲರೂ ಒಟ್ಟಿಗೇ ಮುಳುಗುತ್ತಾರಲ್ಲ, ಇಲ್ಲಿ ಒಂದು ಪ್ರಾಂತ್ಯಕ್ಕೆ ಪ್ರಾಂತ್ಯವೇ ಹಾಗಾಯಿತು. ಗಮನಿಸಿ, ಇಷ್ಟರಲ್ಲಿ ಎಲ್ಲೂ ಸ್ಯಾಕ್ಸನ್ನರ ಕತ್ತಿ ಬಂದಿಲ್ಲ. ಅವರು ನೆಲೆಯೂರುವ ಮೊದಲೇ ಹಳೆಯ ಬದುಕು ಬಹುಪಾಲು ಬಿದ್ದುಹೋಗಿತ್ತು.

ಎಲ್ಲ ಕಡೆ ಒಂದೇ ವೇಗದಲ್ಲಿ ಬಿತ್ತು ಅಂತಲ್ಲ. ಗ್ಲಾಸ್ಟರ್‌ಶೈರಿನ ಚೆಡ್‌ವರ್ತ್ ಎಂಬಲ್ಲಿ ಒಂದು ರೋಮನ್ ಬಂಗಲೆಯಿದೆ. ಅಲ್ಲಿನ ಒಂದು ಕೋಣೆಯ ಮೊಸಾಯಿಕ್ ನೆಲಹಾಸು 424ರ ನಂತರ ಹಾಕಿದ್ದು ಎಂದು 2020ರಲ್ಲಿ ಕಾರ್ಬನ್ ಪರೀಕ್ಷೆಯಿಂದ ಗೊತ್ತಾಯಿತು. ಕೆಲಸ ಹಿಂದಿನಷ್ಟು ನಾಜೂಕಾಗಿಲ್ಲ, ತಪ್ಪುಗಳಿವೆ. ಆದರೂ ಆ ಕಾಲದಲ್ಲೂ ಮೊಸಾಯಿಕ್ ಹಾಕಿಸುವ ಮನಸ್ಸಿದ್ದ ಒಬ್ಬ ಜಮೀನುದಾರ ಅಲ್ಲಿದ್ದ. ಉತ್ತರದಲ್ಲಿ ರೋಮನ್ನರ ಗಡಿಗೋಡೆಯಾದ ಹೇಡ್ರಿಯನ್ ಗೋಡೆಯ ಬರ್ಡೋಸ್ವಾಲ್ಡ್ ಕೋಟೆಯಲ್ಲಿ ಹಳೆಯ ಉಗ್ರಾಣದ ಜಾಗದಲ್ಲಿ ದೊಡ್ಡ ಮರದ ಹಜಾರ ಎದ್ದಿತು. ಸಂಬಳ ಕೊಡುವವರು ಇಲ್ಲದ ಮೇಲೆ ಕೋಟೆಯ ಅಧಿಕಾರಿಯೇ ಸುತ್ತಲಿನ ಜನರಿಂದ ಧಾನ್ಯ ಪಡೆದು, ತನ್ನವರನ್ನು ಸಾಕುತ್ತ, ನಿಧಾನವಾಗಿ ಪಾಳೆಗಾರನಾದ ಅಂತ ಅದನ್ನು ಓದಬಹುದು. ಕಾರ್ನ್‌ವಾಲ್‌ನ ಟಿಂಟಾಜೆಲ್ ಬಂಡೆಯ ಮೇಲಿದ್ದ ದೊರೆಗಳಿಗಂತೂ 5 ಮತ್ತು 6ನೇ ಶತಮಾನಗಳಲ್ಲೂ ಮೆಡಿಟರೇನಿಯನ್ ಕಡೆಯಿಂದ ದ್ರಾಕ್ಷಾರಸ, ಎಣ್ಣೆಯ ಜಾಡಿಗಳು ಬರುತ್ತಿದ್ದವು.

ಈಗ ಸಮುದ್ರದಾಚೆಯವರ ವಿಷಯ. ಇಲ್ಲಿ ಬರಹದ ಸಾಕ್ಷಿಗಳು ಬಹಳ ಕಡಿಮೆ. ಮುಖ್ಯವಾದವನು ಗಿಲ್ಡಾಸ್. ಬ್ರಿಟನ್ನಿನ ಕ್ರೈಸ್ತ ಪಾದ್ರಿ, 6ನೇ ಶತಮಾನದಲ್ಲಿ ಒಳ್ಳೆಯ ಲ್ಯಾಟಿನ್‌ನಲ್ಲಿ ಬರೆದವನು. ಅವನ ಪ್ರಕಾರ ಬ್ರಿಟನ್ನಿನ ಒಬ್ಬ ಗರ್ವಿಷ್ಠ ದೊರೆ ಮತ್ತು ಅವನ ಸಲಹೆಗಾರರು ಉತ್ತರದ ಪಿಕ್ಟ್ ಜನರ ದಾಳಿ ತಡೆಯಲು ಸ್ಯಾಕ್ಸನ್ನರನ್ನು ಕೂಲಿ ಸೈನಿಕರಾಗಿ ಕರೆಸಿದರು. ಮೊದಲು ಮೂರು ಹಡಗು ಬಂದವು. ಆಮೇಲೆ ಇನ್ನಷ್ಟು. ಕೊಡುತ್ತಿದ್ದ ಪಡಿ ಸಾಲದು ಎಂದು ಜಗಳ ತೆಗೆದು ಅವರು ದಂಗೆ ಎದ್ದರು. ಗಿಲ್ಡಾಸ್ ಇತಿಹಾಸ ಬರೆಯಲು ಕೂತವನಲ್ಲ. ತನ್ನ ಕಾಲದ ದೊರೆಗಳನ್ನೂ ಪಾದ್ರಿಗಳನ್ನೂ ಬೈಯುವುದು ಅವನ ಉದ್ದೇಶ. ಸ್ಯಾಕ್ಸನ್ನರು ಅವನ ಪಾಲಿಗೆ ದೇವರು ಕೊಟ್ಟ ಶಿಕ್ಷೆ. ಬೆಂಕಿ, ರಕ್ತ, ಪಾಳುಬಿದ್ದ ಪಟ್ಟಣಗಳ ವರ್ಣನೆಯನ್ನು ಹಾಗೇ ನಂಬುವಂತಿಲ್ಲ. ಆದರೆ ಒಪ್ಪಂದ, ತಿಂಗಳ ಪಡಿ ಎಂದು ಅವನು ಬಳಸುವ ಪದಗಳು ರೋಮನ್ ಸೈನ್ಯದ ಲೆಕ್ಕಪತ್ರದ ಪದಗಳು. ಅವನ್ನು ಸುಮ್ನೆ ಕಟ್ಟಿದ್ದು ಅನ್ನುವುದು ಕಷ್ಟ. ಸಂಬಳಕ್ಕೆ ನಾಣ್ಯ ಇಲ್ಲ, ಹಾಗಾಗಿ ಊಟ ಮತ್ತು ನೆಲ ಕೊಟ್ಟು ಹೊರಗಿನ ಯೋಧರನ್ನು ಇಟ್ಟುಕೊಳ್ಳುವುದು ಆ ಕಾಲದ ರೋಮನ್ ರೂಢಿಯೇ ಆಗಿತ್ತು. ಬ್ರಿಟನ್ನಿನವರು ಮಾಡಿದ್ದೂ ಅದನ್ನೇ.

ನಾವು ಶಾಲೆಯಲ್ಲಿ ಓದುವ ಅಚ್ಚುಕಟ್ಟಾದ ಕಥೆ ಬಂದದ್ದು ಬೀಡ್ ಎಂಬ ಸನ್ಯಾಸಿಯಿಂದ. ಅವನು ಉತ್ತರ ಇಂಗ್ಲೆಂಡಿನ ನಾರ್ತಂಬ್ರಿಯ ರಾಜ್ಯದ ಜ್ಯಾರೋ ಮಠದಲ್ಲಿದ್ದವನು, ಬರೆದು ಮುಗಿಸಿದ್ದು 731ರಲ್ಲಿ. (735ರಲ್ಲಿ ಸಾಯುವ ಮೊದಲು ತನ್ನ ಬಳಿ ಇದ್ದ ಪುಟ್ಟ ಆಸ್ತಿಯನ್ನು ಸಂಗಡಿಗರಿಗೆ ಹಂಚಿದ. ಅದರಲ್ಲಿ ಒಂದಿಷ್ಟು ಕಾಳುಮೆಣಸೂ ಇತ್ತು!) 449ರ ಸುಮಾರಿಗೆ ಹೆಂಗಿಸ್ಟ್, ಹೋರ್ಸ ಎಂಬ ಅಣ್ಣತಮ್ಮಂದಿರ ನೇತೃತ್ವದಲ್ಲಿ ಜನ ಬಂದರು, ಕೆಂಟ್‌ನಲ್ಲಿ ಜೂಟರು, ದಕ್ಷಿಣದಲ್ಲಿ ಸ್ಯಾಕ್ಸನ್ನರು, ಪೂರ್ವ ಮತ್ತು ಉತ್ತರದಲ್ಲಿ ಆಂಗ್ಲರು ನೆಲೆಸಿದರು ಎಂದು ಅವನು ಬರೆದ. ಬೀಡ್ ಪ್ರಾಮಾಣಿಕ, ಶ್ರಮಜೀವಿ. ಅವನ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಘಟನೆಗೂ ಅವನಿಗೂ ನಡುವೆ ಸುಮಾರು 280 ವರ್ಷ. ಅವನ ಕಾಲದಲ್ಲಿ ಇದ್ದ ರಾಜ್ಯಗಳ ನಕ್ಷೆಯನ್ನು ಹಿಂದಿನ ಕಾಲಕ್ಕೆ ಹಾಸಿ, ಒಂದೊಂದು ರಾಜ್ಯಕ್ಕೂ ಒಂದೊಂದು ಮೂಲಜನಾಂಗ ಕೊಟ್ಟ. ಮಣ್ಣಿನಲ್ಲಿ ಸಿಗುವ ಸಾಕ್ಷ್ಯ ಅಷ್ಟು ನೀಟಾಗಿಲ್ಲ.

ಮೊದಲನೆಯದಾಗಿ, 449 ತಡವಾಯಿತು. ನಾರ್ಫೋಕ್‌ನ ಸ್ಪಾಂಗ್ ಹಿಲ್ ಎಂಬಲ್ಲಿ ಸುಟ್ಟ ಮೂಳೆ ತುಂಬಿದ 2 ಸಾವಿರಕ್ಕೂ ಜಾಸ್ತಿ ಮಡಕೆಗಳಿರುವ ಸ್ಮಶಾನ ಸಿಕ್ಕಿದೆ. 1970ರ ದಶಕದಲ್ಲಿ ಶುರುವಾದ ಉತ್ಖನನದಲ್ಲಿ ಇಡೀ ಜಾಗವನ್ನೇ ಅಗೆದು ನೋಡಿದರು. ಅಲ್ಲಿನ ಮಡಕೆಗಳ ಅಲಂಕಾರ ಉತ್ತರ ಜರ್ಮನಿಯ ಎಲ್ಬೆ ಮತ್ತು ವೇಸರ್ ನದಿಗಳ ನಡುವಿನ ಸ್ಮಶಾನಗಳ ಮಡಕೆಗಳನ್ನು ನೇರವಾಗಿ ಹೋಲುತ್ತದೆ. ಹೊಸ ಲೆಕ್ಕದ ಪ್ರಕಾರ ಆ ಸ್ಮಶಾನ 5ನೇ ಶತಮಾನದ ಮೊದಲರ್ಧದಲ್ಲೇ ಶುರುವಾಗಿದೆ. ಗಾಲ್‌ನಲ್ಲಿ ಬರೆದಿಟ್ಟ ಒಂದು ವರ್ಷವಾರು ದಾಖಲೆಯಲ್ಲೂ 441ರ ಹೊತ್ತಿಗೇ ಬ್ರಿಟನ್ ಸ್ಯಾಕ್ಸನ್ನರ ವಶಕ್ಕೆ ಹೋಯಿತು ಎಂದಿದೆ. ಅದು ಇಡೀ ದ್ವೀಪಕ್ಕೆ ಅನ್ವಯಿಸುವ ಮಾತಲ್ಲ, ಬಿಡಿ. ಆದರೆ ಸುದ್ದಿ ಆಗಲೇ ಅಲ್ಲಿಗೆ ಮುಟ್ಟಿತ್ತು. ಸ್ಪಾಂಗ್ ಹಿಲ್‌ನ ಒಂದು ಮಡಕೆಯ ಮುಚ್ಚಳದ ಮೇಲೆ ಮಣ್ಣಿನ ಪುಟ್ಟ ಮನುಷ್ಯನೊಬ್ಬ ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ಕೆನ್ನೆಗೆ ಒತ್ತಿಕೊಂಡಿದ್ದಾನೆ. ಈಗ ನಾರಿಚ್ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಸಾಧ್ಯವಾದರೆ ಅವನ ಚಿತ್ರ ನೋಡಿ. ಈ ಜನ ಬರೀ ದಂಡೆತ್ತಿ ಬಂದ ಗುಂಪು ಅಂತ ಅನ್ನಿಸುವುದೇ ಇಲ್ಲ.

ಅವರು ಯಾಕೆ ಬಂದರು? ಕೂಲಿ ಸೈನಿಕರ ಒಪ್ಪಂದ ಒಂದು ಕಾರಣ. ಇನ್ನೊಂದು ಅವರ ಸ್ವಂತ ಊರುಗಳ ಕಷ್ಟ. ಉತ್ತರ ಸಮುದ್ರದ ದಂಡೆ ತಗ್ಗು ನೆಲ. ಅಲ್ಲಿನವರು ಮಣ್ಣಿನ ದಿಬ್ಬ ಏರಿಸಿಕೊಂಡು ಅದರ ಮೇಲೆ ಮನೆ ಕಟ್ಟುತ್ತಿದ್ದರು. ವೇಸರ್ ನದಿಯ ಮುಖದ ಹತ್ತಿರ ಫೆಡ್ಡರ್ಸನ್ ವೀರ್ಡೆ ಎಂಬ ಅಂಥ ಊರು ನೂರಾರು ವರ್ಷ ಬಾಳಿ, 5ನೇ ಶತಮಾನದಲ್ಲಿ ಖಾಲಿಯಾಯಿತು. ರೋಮ್ ಕುಸಿದಾಗ ಈ ಕಡೆಯವರಿಗೂ ಪೆಟ್ಟು ಬಿತ್ತು, ಯಾಕೆಂದರೆ ರೋಮನ್ ಸೈನ್ಯದಲ್ಲಿ ನೌಕರಿ, ರೋಮನ್ ವಸ್ತುಗಳ ವ್ಯಾಪಾರ ಅವರ ಬದುಕಿನ ಭಾಗವಾಗಿತ್ತು. ದ್ವೀಪ ಅವರಿಗೆ ಅಪರಿಚಿತವೂ ಅಲ್ಲ. ಸ್ಯಾಕ್ಸನ್ ಕಡಲ್ಗಳ್ಳರನ್ನು ತಡೆಯಲು ರೋಮನ್ನರು ಆಗ್ನೇಯ ಕರಾವಳಿಯುದ್ದಕ್ಕೂ ಕೋಟೆಗಳನ್ನೇ ಕಟ್ಟಿದ್ದರು. ದಾರಿ, ನದಿಮುಖ, ಇಳಿಯುವ ಜಾಗ ಎಲ್ಲ ಗೊತ್ತಿದ್ದವೇ.

ಎಷ್ಟು ಜನ ಬಂದರು ಎಂಬ ಜಗಳಕ್ಕೆ 2022ರಲ್ಲಿ ದೊಡ್ಡ ತಿರುವು ಸಿಕ್ಕಿತು. ವಾಯವ್ಯ ಯೂರೋಪಿನ 460 ಮಧ್ಯಯುಗದ ಅಸ್ಥಿಪಂಜರಗಳ ಡಿಎನ್‌ಎ ಅಧ್ಯಯನ ಆ ವರ್ಷ ಪ್ರಕಟವಾಯಿತು. ಅದರಲ್ಲಿ 278 ಇಂಗ್ಲೆಂಡಿನವು. ಪೂರ್ವ ಮತ್ತು ದಕ್ಷಿಣ ಇಂಗ್ಲೆಂಡಿನಲ್ಲಿ ಪರೀಕ್ಷಿಸಿದ ಆ ಕಾಲದ ಜನರ ವಂಶಮೂಲದಲ್ಲಿ ಸರಾಸರಿ ಸುಮಾರು 76 ಶೇಕಡಾ ಉತ್ತರ ಜರ್ಮನಿ, ಡೆನ್ಮಾರ್ಕ್, ನೆದರ್ಲೆಂಡ್ಸ್ ಕರಾವಳಿಯ ಕಡೆಯದು ಎಂದು ಗೊತ್ತಾಯಿತು. ಬಂದವರಲ್ಲಿ ಹೆಂಗಸರೂ ಇದ್ದರು, ಸಂಸಾರಗಳೂ ಇದ್ದವು. 'ಬೆರಳೆಣಿಕೆಯ ಯೋಧರು' ಎಂಬ ವಾದ ಇನ್ನು ನಿಲ್ಲುವುದಿಲ್ಲ.

ಹಾಗಂತ 76 ಎಂಬ ಅಂಕಿ ಹಿಡಿದು 'ಹಳಬರೆಲ್ಲ ಸತ್ತರು' ಅಂತ ಹೊರಟರೆ ಅದೂ ತಪ್ಪು. ಡಿಎನ್‌ಎ ಸಿಗುವುದು ಹೂತ ಮೂಳೆಯಲ್ಲಿ. ಪರೀಕ್ಷೆಗೆ ಹೋದ ಮೂಳೆಗಳಲ್ಲಿ ಹೆಚ್ಚಿನವು ಆಂಗ್ಲೋ-ಸ್ಯಾಕ್ಸನ್ ಅಂತ ಮೊದಲೇ ಗುರುತಾದ ಸ್ಮಶಾನಗಳವು. ಒಡವೆ, ಆಯುಧ ಏನೂ ಇಡದೆ ಹೂಳುತ್ತಿದ್ದ ಹಳಬರ ಸಮಾಧಿಗಳು ಕಣ್ಣಿಗೆ ಬೀಳುವುದೇ ಕಡಿಮೆ, ಬಿದ್ದರೂ ಕಾಲ ಹೇಳುವುದು ಕಷ್ಟ. ಜೊತೆಗೆ, ಇಷ್ಟು ಜನ ಒಂದೇ ಅಲೆಯಲ್ಲಿ ಬಂದದ್ದಲ್ಲ. ನೂರು, ಇನ್ನೂರು ವರ್ಷ ಬರುತ್ತಲೇ ಇದ್ದರು. ಇವತ್ತಿನ ಇಂಗ್ಲೆಂಡಿನವರಲ್ಲಿ ಆ ಕರಾವಳಿಯ ಪಾಲು 25ರಿಂದ 47 ಶೇಕಡಾ ಎಂದು ಅದೇ ಅಧ್ಯಯನ ಹೇಳುತ್ತದೆ. ಉಳಿದದ್ದರಲ್ಲಿ ಹಳೆಯ ಬ್ರಿಟನ್ನರ ಪಾಲೂ ಇದೆ, ಆಮೇಲೆ ಫ್ರಾನ್ಸ್ ಕಡೆಯಿಂದ ಬಂದವರ ಪಾಲೂ ಇದೆ.

ನನಗೆ ಆ ಅಧ್ಯಯನದಲ್ಲಿ ಸರಾಸರಿಗಿಂತ ಮುಖ್ಯ ಅನ್ನಿಸಿದ್ದು ಒಂದು ಸಂಸಾರ. ಕೆಂಟ್‌ನ ಡೋವರ್ ಬಳಿಯ ಬಕ್‌ಲ್ಯಾಂಡ್ ಸ್ಮಶಾನದಲ್ಲಿ ಹಲವು ತಲೆಮಾರುಗಳ ಒಂದೇ ವಂಶವನ್ನು ಗುರುತಿಸಲು ಸಾಧ್ಯವಾಯಿತು. ಮೊದಲಿನವರು ಸಮುದ್ರದಾಚೆಯ ಮೂಲದವರು. ಮುಂದೆ ಆ ಮನೆಗೆ ಸ್ಥಳೀಯ ಬ್ರಿಟನ್ ಮೂಲದ ಹೆಣ್ಣು ಸೊಸೆಯಾಗಿ ಬಂದಿದ್ದಾಳೆ. ಆಮೇಲಿನ ಮಕ್ಕಳು ಬೆರಕೆ ಮೂಲದವರು. ಅವರನ್ನೂ ಅದೇ ಜಾಗದಲ್ಲಿ, ಅದೇ ರೀತಿ ಹೂತಿದ್ದಾರೆ. ಇಡೀ ಅಧ್ಯಯನದಲ್ಲಿ ನೋಡಿದರೆ, ಹೊರಗಿನ ಮೂಲದ ಹೆಂಗಸರ ಸಮಾಧಿಯಲ್ಲಿ ವಸ್ತುಗಳು ಸಿಗುವುದು ಸ್ಥಳೀಯ ಮೂಲದ ಹೆಂಗಸರಿಗಿಂತ ಜಾಸ್ತಿ. ಅಂದರೆ ತಾರತಮ್ಯ ಸ್ವಲ್ಪ ಇತ್ತು. ಆದರೆ ಗಂಡಸರ ಸಮಾಧಿಯಲ್ಲಿ ಕತ್ತಿ, ಈಟಿ ಇಡುವ ವಿಷಯದಲ್ಲಿ ಮೂಲದ ವ್ಯತ್ಯಾಸ ಕಾಣುವುದಿಲ್ಲ. ಆಯುಧ ಸಮೇತ ಹೂತ 'ಸ್ಯಾಕ್ಸನ್ ಯೋಧ'ನ ಅಜ್ಜ ಬ್ರಿಟನ್ನಿನ ರೈತನೇ ಆಗಿರಬಹುದು.

ಬೆರಕೆ ಅಲ್ಲಿಗೇ ನಿಲ್ಲಲಿಲ್ಲ. ಕೆಂಟ್‌ನಲ್ಲೇ ಅಪ್‌ಡೌನ್ ಎಂಬ 7ನೇ ಶತಮಾನದ ಸ್ಮಶಾನದಲ್ಲಿ ಒಬ್ಬ ಹುಡುಗಿಯ ಸಮಾಧಿಯಿದೆ. ಚಾಕು, ಮೂಳೆಯ ಬಾಚಣಿಗೆ ಇಟ್ಟು ಎಲ್ಲರಂತೆಯೇ ಹೂತಿದ್ದಾರೆ. ಅವಳ ತಂದೆಯ ಕಡೆಯ ಅಜ್ಜ-ಅಜ್ಜಿಯಲ್ಲಿ ಒಬ್ಬರು ಪಶ್ಚಿಮ ಆಫ್ರಿಕಾ ಮೂಲದವರು ಎಂದು ಡಿಎನ್‌ಎ ತೋರಿಸಿದೆ. ಅವಳ ಸಂಬಂಧಿಕರೂ ಅದೇ ಸ್ಮಶಾನದಲ್ಲಿದ್ದಾರೆ.

ಬದುಕಿನ ರೀತಿಗೆ ಬಂದರೆ, ಸಫೋಕ್‌ನ ವೆಸ್ಟ್ ಸ್ಟೋ ಮತ್ತು ಥೇಮ್ಸ್ ದಂಡೆಯ ಮಕಿಂಗ್ ಎಂಬ ಎರಡು ಊರುಗಳು ಬಹಳ ಹೇಳುತ್ತವೆ. ಮಕಿಂಗ್‌ನಲ್ಲಿ 200ಕ್ಕೂ ಹೆಚ್ಚು ಗುಳಿಮನೆಗಳ ಗುರುತು ಸಿಕ್ಕಿದೆ. ನೆಲದಲ್ಲಿ ಮೊಣಕಾಲೆತ್ತರದ ಗುಳಿ ತೆಗೆದು, ಎರಡು ತುದಿಗೆ ಕಂಬ ನೆಟ್ಟು, ಮೇಲೆ ಹುಲ್ಲಿನ ಮಾಡು ಹೊದಿಸಿದ ಸಣ್ಣ ಕಟ್ಟಡ. ಬಹಳ ಕಡೆ ಅವು ನೇಯ್ಗೆಯ ಕೊಟ್ಟಿಗೆಗಳು. ಮಗ್ಗದ ಮಣ್ಣಿನ ತೂಕದ ಬಿಲ್ಲೆಗಳು ಸಾಲಾಗಿ ಸಿಗುತ್ತವೆ. ವೆಸ್ಟ್ ಸ್ಟೋನಲ್ಲಿ ಅಂಥ ಮನೆಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಈ ಗುಳಿಮನೆ ಜರ್ಮನಿ ಕಡೆಯಿಂದ ಬಂದದ್ದೇ. ಆದರೆ ಅಲ್ಲಿನ ಮುಖ್ಯ ಮನೆ ಬೇರೆ. ಅಲ್ಲಿ ಜನ ಒಂದು ತುದಿಯಲ್ಲಿ, ದನ ಇನ್ನೊಂದು ತುದಿಯಲ್ಲಿ, ಎಲ್ಲ ಒಂದೇ ಸೂರಿನಡಿ ಇರುವ ಉದ್ದನೆಯ ಮನೆ. ಆ ಉದ್ದಮನೆ ಇಂಗ್ಲೆಂಡಿಗೆ ಬರಲೇ ಇಲ್ಲ. ಇಲ್ಲಿ ಕಟ್ಟಿದ್ದು ದನದ ಕೊಟ್ಟಿಗೆ ಇಲ್ಲದ, ಚಿಕ್ಕದಾದ, ಆಯತಾಕಾರದ ಮರದ ಹಜಾರ. ಅದರ ಅಳತೆಯಲ್ಲಿ ಬ್ರಿಟನ್ನಿನ ಹಳೆಯ ಕಟ್ಟಡಗಳ ಪ್ರಭಾವವಿದೆ ಎಂದು ಹಲವರು ವಾದಿಸುತ್ತಾರೆ, ನನಗೂ ಅದು ಸರಿ ಅನ್ನಿಸುತ್ತದೆ. ಒಂದು ಜನ ತಮ್ಮ ಸಮಾಜವನ್ನು ಇಡಿಯಾಗಿ ಹೊತ್ತು ತಂದಿದ್ದರೆ ಮೊದಲು ತರುತ್ತಿದ್ದದ್ದು ತಮ್ಮ ಮನೆಯನ್ನೇ ಅಲ್ವಾ?

ಹೊಲಗಳೂ ಅದನ್ನೇ ಹೇಳುತ್ತವೆ. ಕೆರೆ, ಜೌಗಿನ ತಳದಲ್ಲಿ ಕೂತ ಹೂವಿನ ಪರಾಗ ನೋಡಿದರೆ 5ನೇ ಶತಮಾನದಲ್ಲಿ ದೇಶವೆಲ್ಲ ಕಾಡಾಗಿ ಹೋಗಲಿಲ್ಲ. ಉಳುಮೆ ಸ್ವಲ್ಪ ಕಡಿಮೆಯಾಗಿ ಹುಲ್ಲುಗಾವಲು ಹೆಚ್ಚಿತು, ಅಷ್ಟೇ. ತೆರಿಗೆಗೆ ಧಾನ್ಯ ಬೆಳೆಯುವ ಒತ್ತಡ ಹೋಯಿತು. ರೈತನ ಮಟ್ಟಿಗೆ ಇದು ಎಲ್ಲ ರೀತಿಯಲ್ಲೂ ಕೆಟ್ಟದಾಗಿರಲಿಲ್ಲ ಎಂದೂ ಹೇಳಬೇಕು. ಥೇಮ್ಸ್, ಸೆವರ್ನ್, ಏವನ್‌ನಂಥ ನದಿಗಳ ಹಳೆಯ ಹೆಸರು ಉಳಿದವು. ಕೆಂಟ್ ಎಂಬ ರಾಜ್ಯದ ಹೆಸರೂ ಹಳೆಯದೇ. ಆದರೆ ಭಾಷೆ ಮಾತ್ರ ಪೂರ್ತಿ ಬದಲಾಯಿತು. ಹಳೆಯ ಬ್ರಿಟನ್ನರ ನುಡಿಯಿಂದ ಇಂಗ್ಲಿಷಿಗೆ ಬಂದ ಮಾತುಗಳು ಬಹಳ ಕಡಿಮೆ. ಆಡಳಿತ, ಪಟ್ಟಣ, ಸಂತೆ ಎಲ್ಲ ಬಿದ್ದ ಜಾಗದಲ್ಲಿ ಲ್ಯಾಟಿನ್‌ಗೂ ಹಳೆಯ ನುಡಿಗೂ ಮರ್ಯಾದೆ ಉಳಿಯಲಿಲ್ಲ. ಮುಂದೆ ಬರಬೇಕಾದವರು ಹೊಸಬರ ನುಡಿ ಕಲಿತರು.

ಮೊದಲ ನೂರು ವರ್ಷದ ಈ ಸಮಾಜದಲ್ಲಿ ದೊಡ್ಡ ರಾಜರು ಕಾಣುವುದಿಲ್ಲ. ಒಂದು ಸಮಾಧಿಗೂ ಇನ್ನೊಂದಕ್ಕೂ ಅಂತರ ಇದೆ, ಆದರೆ ಆಕಾಶ-ಭೂಮಿಯಷ್ಟಲ್ಲ. 6ನೇ ಶತಮಾನದ ಮಧ್ಯದಲ್ಲಿ ಪ್ಲೇಗ್ ಬಂತು. ಕೇಂಬ್ರಿಜ್‌ಶೈರಿನ ಎಡಿಕ್ಸ್ ಹಿಲ್ ಸ್ಮಶಾನದ ಮೂಳೆಗಳಲ್ಲಿ ಅದರ ರೋಗಾಣುವಿನ ಡಿಎನ್‌ಎ ಸಿಕ್ಕಿದೆ. ಆಮೇಲೆ, ಆ ಶತಮಾನದ ಕೊನೆಯ ಹೊತ್ತಿಗೆ, ಚಿತ್ರ ಬದಲಾಗುತ್ತದೆ. ಕೆಲವರಿಗೆ ಮಾತ್ರ ಮಣ್ಣಿನ ದೊಡ್ಡ ದಿಬ್ಬ ಎದ್ದಿತು. 1939ರಲ್ಲಿ ಸಫೋಕ್‌ನ ಸಟನ್ ಹೂನಲ್ಲಿ ಸುಮಾರು 27 ಮೀಟರ್ ಉದ್ದದ ಹಡಗಿನ ಸಮೇತ ಹೂತ ಒಬ್ಬ ದೊರೆಯ ಸಂಪತ್ತು ಸಿಕ್ಕಿತು. ಅವನು 624ರ ಸುಮಾರಿಗೆ ತೀರಿಕೊಂಡ ಪೂರ್ವ ಆಂಗ್ಲಿಯದ ರಾಜ ರೆಡ್ವಾಲ್ಡ್ ಇರಬಹುದು ಎಂಬುದು ಹೆಚ್ಚಿನವರ ಅಭಿಪ್ರಾಯ. ನಾರ್ತಂಬರ್‌ಲ್ಯಾಂಡಿನ ಯೆವರಿಂಗ್‌ನಲ್ಲಿ ರಾಜನ ದೊಡ್ಡ ಹಜಾರಗಳ ಪಕ್ಕ ರೋಮನ್ ರಂಗಮಂದಿರದ ಒಂದು ತುಂಡಿನಂತೆ ಮೆಟ್ಟಿಲುಮೆಟ್ಟಿಲಾದ ಮರದ ಆಸನಗಳ ಗುರುತಿದೆ. ಹೊಸ ರಾಜರು ಹಳೆಯ ರೋಮ್‌ನ ವೈಭವವನ್ನು ಮರೆತಿರಲಿಲ್ಲ.

ಈ ರಾಜರು ಬದುಕುತ್ತಿದ್ದದ್ದು ಹೇಗೆ? ಪಶ್ಚಿಮ ಸ್ಯಾಕ್ಸನ್ನರ ರಾಜ ಇನೆ 690ರ ಆಸುಪಾಸಿನಲ್ಲಿ ಮಾಡಿದ ಕಾನೂನಿನಲ್ಲಿ ಒಂದು ಪಟ್ಟಿಯಿದೆ. 10 ಹೈಡ್ ಭೂಮಿಗೆ, ಅಂದರೆ ಲೆಕ್ಕದಲ್ಲಿ 10 ಸಂಸಾರಗಳ ಜಮೀನಿಗೆ, ಕೊಡಬೇಕಾದ ಕಾಣಿಕೆ: 10 ಪಾತ್ರೆ ಜೇನು, 300 ರೊಟ್ಟಿ, ಎರಡು ಬಗೆಯ ಬಿಯರ್, 2 ದೊಡ್ಡ ದನ ಅಥವಾ 10 ಟಗರು, 10 ಹೆಬ್ಬಾತು, 20 ಕೋಳಿ, 10 ಗಿಣ್ಣಿನ ಗಟ್ಟಿ, ಒಂದು ಅಳತೆ ತುಂಬ ಬೆಣ್ಣೆ, 5 ಸಾಲ್ಮನ್ ಮೀನು, ಮೇವು, 100 ಹಾವುಮೀನು. ರಾಜ ತನ್ನ ಪರಿವಾರದ ಜೊತೆ ಊರಿಂದೂರಿಗೆ ಹೋಗಿ ಇಂಥದ್ದನ್ನು ಕೂತು ಉಣ್ಣುತ್ತಿದ್ದ. ರೋಮನ್ ತೆರಿಗೆ ನಿಂತು ಮೂರು ಶತಮಾನ ಆಗುವಷ್ಟರಲ್ಲಿ ರೈತನ ಬೆಳೆಯಲ್ಲಿ ಪಾಲು ಕೇಳುವವರು ಮತ್ತೆ ಬಂದಿದ್ದರು. ಈ ಸಲ ಕೊಡುವುದು ನಾಣ್ಯದಲ್ಲಲ್ಲ, ಗುಮಾಸ್ತನಿಲ್ಲ. ಊಟ ಮತ್ತು ನಿಷ್ಠೆ, ಇವೆರಡರ ಮೇಲೆ ನಿಂತ ರಾಜ್ಯ. ಆಂಗ್ಲೋ-ಸ್ಯಾಕ್ಸನ್ ಸಮಾಜ ಅಂತ ನಾವು ಕರೆಯುವುದು ಇದನ್ನೇ. ಇದು ಜರ್ಮನಿಯಿಂದ ಬಂದ ಮೊದಲ ದೋಣಿಗಳಲ್ಲಿ ಇರಲಿಲ್ಲ.

597ರಲ್ಲಿ ಪೋಪ್ ಗ್ರೆಗರಿ ಕಳಿಸಿದ ಅಗಸ್ಟಿನ್ ಕೆಂಟ್‌ಗೆ ಬಂದ. ಅಲ್ಲಿನ ರಾಜ ಎಥೆಲ್ಬರ್ಟ್‌ನ ಹೆಂಡತಿ ಬರ್ತಾ ಫ್ರಾಂಕ್ ರಾಜಮನೆತನದ ಕ್ರೈಸ್ತ ಹೆಣ್ಣುಮಗಳು, ಹಾಗಾಗಿ ದಾರಿ ಸುಗಮವಾಗಿತ್ತು. ಸ್ವಲ್ಪದರಲ್ಲೇ ಎಥೆಲ್ಬರ್ಟ್ ಕಾನೂನು ಬರೆಸಿದ, ಅದೂ ಲ್ಯಾಟಿನ್‌ನಲ್ಲಲ್ಲ, ಜನರ ನುಡಿಯಲ್ಲೇ. ಹೆಬ್ಬೆರಳು ಕತ್ತರಿಸಿದರೆ 20 ಶಿಲ್ಲಿಂಗ್, ಮುಂದಿನ ನಾಲ್ಕು ಹಲ್ಲಿಗೆ ತಲಾ 6 ಶಿಲ್ಲಿಂಗ್ ದಂಡ. ಮನೆತನಗಳ ನಡುವೆ ಸೇಡು ಮುಂದುವರಿಯದಂತೆ ಪೆಟ್ಟಿಗೆ ಬೆಲೆ ಕಟ್ಟುವ ಕಾನೂನು.

ಕೊನೆಗೆ, ನಿಮ್ಮ ಪ್ರಶ್ನೆಯ ತಿರುಳು: ಹಳಬರು ಏನಾದರು? ಅದಕ್ಕೂ ಉತ್ತರ ಇನೆಯ ಕಾನೂನಿನಲ್ಲೇ ಇದೆ. ಅವನ ರಾಜ್ಯದಲ್ಲಿ ವೆಲ್ಷ್ ಜನ, ಅಂದರೆ ಹಳೆಯ ಬ್ರಿಟನ್ನರು, ಪ್ರಜೆಗಳಾಗಿ ಬದುಕುತ್ತಿದ್ದರು. ಕೊಲೆಯಾದರೆ ಕೊಡಬೇಕಾದ ಪರಿಹಾರ ಅವರಿಗೂ ಇತ್ತು, ಆದರೆ ಕಡಿಮೆ. ಸಾಮಾನ್ಯ ಇಂಗ್ಲಿಷ್ ರೈತನ ಜೀವಕ್ಕೆ 200 ಶಿಲ್ಲಿಂಗ್. ಒಂದು ಹೈಡ್ ಭೂಮಿ ಇರುವ ವೆಲ್ಷ್ ರೈತನಿಗೆ 120, ಅರ್ಧ ಹೈಡ್ ಇದ್ದರೆ 80, ಭೂಮಿಯೇ ಇಲ್ಲದವನಿಗೆ 60. ಐದು ಹೈಡ್ ಇದ್ದ ವೆಲ್ಷ್ ಜಮೀನುದಾರನಿಗೆ ಮಾತ್ರ 600. ಅಂದರೆ ಶ್ರೀಮಂತ ಬ್ರಿಟನ್ನರೂ ಇದ್ದರು, ಆದರೆ ಅದೇ ಜಮೀನಿಗೆ ಅದೇ ಮರ್ಯಾದೆ ಅವರಿಗೆ ಸಿಗುತ್ತಿರಲಿಲ್ಲ. ಇಂಥ ಕಡೆ ಒಬ್ಬ ಚುರುಕಾದ ಮಗ ಏನು ಮಾಡುತ್ತಾನೆ? ಇಂಗ್ಲಿಷ್ ಮಾತಾಡುತ್ತಾನೆ, ಇಂಗ್ಲಿಷ್ ಮನೆತನದಲ್ಲಿ ಹೆಣ್ಣು ತರುತ್ತಾನೆ, ಮೊಮ್ಮಕ್ಕಳಿಗೆ ಆ ಕಡೆಯ ಹೆಸರಿಡುತ್ತಾನೆ. ಇದರ ಗುರುತು ರಾಜಮನೆತನದಲ್ಲೂ ಇದೆ. ಪಶ್ಚಿಮ ಸ್ಯಾಕ್ಸನ್ ರಾಜರು ತಮ್ಮ ಮೂಲಪುರುಷ ಎಂದು ಹೇಳಿಕೊಳ್ಳುತ್ತಿದ್ದ ಸೆರ್ಡಿಕ್‌ನ ಹೆಸರು ಬ್ರಿಟನ್ನರ ಹೆಸರು. ಇನೆಗಿಂತ ಮೊದಲಿದ್ದ ರಾಜ ಕ್ಯಾಡ್ವಾಲನ ಹೆಸರೂ ಹಾಗೇ.

ಸುಮಾರು ಇನ್ನೂರು ವರ್ಷ ಕಳೆದು, 9ನೇ ಶತಮಾನದ ಕೊನೆಯಲ್ಲಿ, ಅದೇ ರಾಜ್ಯದ ಆಲ್ಫ್ರೆಡ್ ಹೊಸ ಕಾನೂನು ಬರೆಸಿದ. ಇನೆಯ ಕಾನೂನನ್ನು ಹಿರಿಯರ ಮಾತು ಎಂದು ಗೌರವದಿಂದ ಅದರ ಬೆನ್ನಿಗೆ ಸೇರಿಸಿಟ್ಟ. ಆದರೆ ಅವನು ಸ್ವಂತವಾಗಿ ಬರೆಸಿದ ಭಾಗದಲ್ಲಿ ವೆಲ್ಷ್ ಪ್ರಜೆಗಳ ಜೀವಕ್ಕೆ ಬೇರೆ ಬೆಲೆ ಕಟ್ಟುವ ನಿಯಮವಿಲ್ಲ. ಬರೆಯುವ ಅಗತ್ಯ ಉಳಿದಿರಲಿಲ್ಲ. ವೆಸೆಕ್ಸ್‌ನಲ್ಲಿ, ಅಂದರೆ ಪಶ್ಚಿಮ ಸ್ಯಾಕ್ಸನ್ನರ ಆ ರಾಜ್ಯದಲ್ಲಿ, ಇದ್ದ ಬ್ರಿಟನ್ನರ ವಂಶಸ್ಥರು ಅಷ್ಟು ಹೊತ್ತಿಗೆ ತಮ್ಮನ್ನು ಇಂಗ್ಲಿಷರೆಂದೇ ಕರೆದುಕೊಳ್ಳುತ್ತಿದ್ದರು.